ಖಾಲಿ ಚಿಪ್ಪುಗಳ ಎಣಿಕೆ

ಇದನ್ನು ಹೇಳಲು ನಾನು ಯಾರು ಎಂಬ ಅಳುಕು ಇನ್ನೂ ಹೋಗಿಲ್ಲ; ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನಾನು ವಿಜ್ಞಾನಿಯಲ್ಲ. ಹಗಲು ಪ್ರಯೋಗಾಲಯದಲ್ಲಿ ಸಹಾಯಕಿ; ಸಂಜೆ ಕಾಲೇಜಿನ ಬೆಂಚಿನ ಮೇಲೆ ಆರು ವರ್ಷ ತೂಕಡಿಸುತ್ತ ಪದವಿ ಪಡೆದವಳು. ಬಲ್ಲವರು ಬರೆದಿದ್ದರೆ ನಾನು ಸುಮ್ಮನಿರುತ್ತಿದ್ದೆ.

ನಮ್ಮ ಕೆಲಸ ಇಷ್ಟೇ. ಡೆಂಗಿ ಹರಡುವ ಸೊಳ್ಳೆ ಹೆಚ್ಚುತ್ತಿದೆಯೋ ಕಡಿಮೆಯಾಗುತ್ತಿದೆಯೋ ತಿಳಿಯಲು ಒಂದು ಬಡಾವಣೆಯ ನಲವತ್ತು ಮನೆಗಳಲ್ಲಿ ಒಂದೊಂದು ಕಪ್ಪು ಲೋಟ ಇಡುತ್ತೇವೆ. ಲೋಟದಲ್ಲಿ ಅರ್ಧ ನೀರು, ಒಳಬದಿಗೆ ಒಂದು ಒರಟು ಕಾಗದ. ಸೊಳ್ಳೆ ನೀರಿನ ಅಂಚಿಗಿಂತ ತುಸು ಮೇಲೆ, ಕಾಗದದ ಮೇಲೆ ಮೊಟ್ಟೆಯಿಡುತ್ತದೆ. ಹತ್ತನೆಯ ದಿನ ಕಾಗದ ತಂದು ಮೈಕ್ರೋಸ್ಕೋಪಿನ ಕೆಳಗಿಟ್ಟು ಎಣಿಸುವವಳು ನಾನು. ತುಂಬಿದ ಮೊಟ್ಟೆಯನ್ನಷ್ಟೇ ಎಣಿಸಬೇಕು, ಒಡೆದ ಖಾಲಿ ಚಿಪ್ಪನ್ನು ಬಿಡಬೇಕು. ಇದು ನಿಯಮ. ಹನ್ನೆರಡು ವರ್ಷದ ಹಿಂದೆ ಅದನ್ನು ಬರೆದಾಗ ಇಷ್ಟು ಬಿಸಿಲಿರಲಿಲ್ಲ. ಹತ್ತು ದಿನದೊಳಗೆ ಮೊಟ್ಟೆ ಒಡೆಯುವುದೇ ಅಪರೂಪವಾಗಿತ್ತಂತೆ.

ಈ ಬೇಸಿಗೆಯಲ್ಲಿ ಎಣಿಕೆ ದಬದಬನೆ ಇಳಿಯಿತು. ಆ ನಲವತ್ತರಲ್ಲಿ ಒಂದಾದ ನನ್ನ ಅಕ್ಕನ ಮನೆಯ ಲೋಟದಲ್ಲಂತೂ ಅರವತ್ತು ಇದ್ದದ್ದು ಎಂಟಾಯಿತು. ನಮ್ಮ ಯೋಜನೆಯ ಮುಖ್ಯಸ್ಥರಿಗೆ ಎಲ್ಲಿಲ್ಲದ ಹಿಗ್ಗು. ಏನು ಹೇಳಿದರೂ ಸರಾಸರಿ ಎಷ್ಟು ಎಂದು ಕೇಳುವುದರಿಂದ ಅವರನ್ನು ನಾವು ಬೆನ್ನ ಹಿಂದೆ ‘ಸರಾಸರಿ’ ಎಂದೇ ಕರೆಯುತ್ತೇವೆ. ಸೊಳ್ಳೆ ಹತೋಟಿಗೆ ಬಂದಿದೆ, ಬರುವ ಸೋಮವಾರದಿಂದ ಲಾರ್ವಾ ನಾಶ ಮಾಡುವ ತಂಡ ಈ ಬಡಾವಣೆಗೆ ಹೋಗಬೇಕಾಗಿಲ್ಲ ಎಂದು ಅವರು ಆರೋಗ್ಯ ಇಲಾಖೆಗೆ ಬರೆದು ಕಳಿಸಿದರು.

ಆ ಬುಧವಾರ ಕಾಗದ ತರಲು ಅಕ್ಕನ ಮನೆಗೆ ಹೋದರೆ, ಅವಳ ಎಂಟು ವರ್ಷದ ಮಗಳು ಜ್ವರದಲ್ಲಿ ಮಲಗಿದ್ದಾಳೆ. ರಕ್ತ ಪರೀಕ್ಷೆಯಾಗಿದೆ. ಡೆಂಗಿ.

“ಬಾರಮ್ಮ ಸೊಳ್ಳೆ ಇನ್ಸ್‌ಪೆಕ್ಟರು,” ಎಂದರು ಭಾವ. “ನೀನು ಸಾಕಿರೋ ಮಕ್ಕಳಿಗೆ ನಮ್ಮನೇಲಿ ಚೆನ್ನಾಗಿ ಊಟ ಆಗಿದೆ ನೋಡು.”

“ಸುಮ್ನಿರ್ರೀ, ಅವಳೇನು ಮಾಡ್ತಾಳೆ,” ಎಂದು ಅಕ್ಕ ನನ್ನನ್ನು ಹಿತ್ತಿಲ ನಲ್ಲಿಯ ಹತ್ತಿರ ಕರೆದೊಯ್ದಳು. “ಈ ಬಿಸಿಲಿಗೆ ನಿನ್ನ ಲೋಟ ಎರಡೇ ದಿನಕ್ಕೆ ಒಣಗ್ತಿತ್ತು ಕಣೇ. ನಿನ್ನ ಕೆಲಸ ಕೆಡಬಾರ್ದು ಅಂತ ನಾನೇ ದಿನಾ ಕಂಠದವರೆಗೂ ನೀರು ತುಂಬಿಸಿದೀನಿ.”

“ಕಂಠದವರೆಗೂ ಯಾಕೆ ತುಂಬಿಸ್ದೆ?”

“ನೀನೇ ತಾನೇ ಹೇಳಿದ್ದು, ಒಣಗಿಸ್ಬೇಡಿ ಅಂತ? ಅಕ್ಕಪಕ್ಕದೋರಿಗೂ ಹೇಳಿದೀನಿ. ಎಲ್ಲರೂ ತುಂಬಿಸ್ತಾರೆ.”

ಹೌದು, ನಾನೇ ಹೇಳಿದ್ದೆ. ಎಷ್ಟು ತುಂಬಿಸಬೇಕೆಂದು ಹೇಳಿರಲಿಲ್ಲ. ನೀರು ಏರಿ ತಾಗಿದೊಡನೆ ಮೊಟ್ಟೆ ಒಡೆಯುತ್ತದೆ. ಈ ಬಿಸಿಲಿಗೆ ಒಂಬತ್ತು ದಿನದಲ್ಲಿ ಸೊಳ್ಳೆಯಾಗಿ ಹಾರುತ್ತದೆ. ಲೋಟದಲ್ಲಿ ಬೆನ್ನು ಸೀಳಿದ ತೆಳು ಪೊರೆಗಳು ತೇಲುತ್ತಿದ್ದವು. ಏಳು. ಎಂದರೆ ಏಳು ಸೊಳ್ಳೆಗಳು ನಮ್ಮ ಲೋಟದಲ್ಲೇ ಬೆಳೆದು ಹಾರಿಹೋಗಿದ್ದವು.

ಮರುದಿನ ಬೆಳಿಗ್ಗೆಯೇ ಮುಖ್ಯಸ್ಥರ ಮುಂದೆ ನಿಂತೆ.

“ಸಾರ್, ಸೊಳ್ಳೆ ಕಡಿಮೆಯಾಗಿಲ್ಲ. ಮೊಟ್ಟೆ ಒಡೆದುಹೋಗ್ತಿದೆ. ನಾವು ಖಾಲಿ ಚಿಪ್ಪು ಬಿಟ್ಟು ಎಣಿಸ್ತಿದೀವಿ. ಬಿಸಿಲು ಹೆಚ್ಚಿದಷ್ಟೂ ನಮ್ಮ ಸಂಖ್ಯೆ ಇಳಿಯುತ್ತೆ.”

“ನಿಯಮ ಏನು ಹೇಳುತ್ತೆ?”

“ಬಿಡಬೇಕು ಅಂತ.”

“ಮತ್ತೆ?”

“ನಿಯಮವೇ ಸರಿಯಿಲ್ಲ ಸಾರ್.”

“ನೋಡಮ್ಮ, ಹನ್ನೆರಡು ವರ್ಷ ಒಂದೇ ಥರ ಎಣಿಸಿದ್ದಕ್ಕೇ ನಮ್ಮ ಅಂಕಿಗೆ ಬೆಲೆ. ನಡುವೆ ಅಳತೆ ಬದಲಾಯಿಸಿದ್ರೆ ಹವಾಮಾನದಿಂದ ಏನು ಬದಲಾಯ್ತು ಅಂತ ಹೇಗೆ ಹೇಳೋದು? ಅದೂ ಒಂದೇ ಮನೆ. ನಿಮ್ಮಕ್ಕನ ಮನೆ. ಸರಾಸರಿ ತಗೊಂಡು ಬಾ.”

ಮೈ ಪರಚಿಕೊಳ್ಳುವಂತಾಯಿತು. ಹವಾಮಾನ ಬದಲಾದದ್ದು ನಮ್ಮ ಲೋಟದೊಳಗೇ ಕಾಣುತ್ತಿದೆ, ಇವರು ಅದನ್ನು ಹುಡುಕಲು ಲೋಟವನ್ನು ಮುಟ್ಟಬೇಡ ಎನ್ನುತ್ತಾರೆ! ಆದರೆ ಅಳತೆಯ ವಿಷಯದಲ್ಲಿ ಅವರ ಮಾತೂ ಸುಳ್ಳಲ್ಲ. ಅದೇ ಇನ್ನಷ್ಟು ಸಿಟ್ಟು ಬರಿಸಿತು.

ಒಣಗಿಸಿಟ್ಟ ಹಳೆಯ ಕಾಗದಗಳೆಲ್ಲ ನಮ್ಮಲ್ಲಿ ಕವರುಗಳಲ್ಲಿ ಇರುತ್ತವೆ. ಮಾಮೂಲಿ ಕೆಲಸ ಬಿಡುವಂತಿರಲಿಲ್ಲ, ಊಟದ ಬಿಡುವಿನಲ್ಲಿ, ಸಂಜೆ ಎಲ್ಲರೂ ಹೋದ ಮೇಲೆ ಕೂತು ಕಳೆದ ಸರದಿಯ ನಲವತ್ತನ್ನೂ ಮತ್ತೆ ಎಣಿಸಿದೆ. ಬೇಕೆಂದೇ ನನ್ನ ಕಣ್ಣಿಗೆ ಚಿಪ್ಪು ಕಾಣುತ್ತಿದೆಯೇನೋ ಎಂಬ ಭಯಕ್ಕೆ, ಮನೆಯ ಸಂಖ್ಯೆ ಮುಚ್ಚಿ ಎರಡೆರಡು ಸಲ ಎಣಿಸಿದೆ. ಅಕ್ಕನ ಮನೆಯದರಲ್ಲಿ ತುಂಬಿದ್ದು ಎಂಟು, ಖಾಲಿ ಅರವತ್ತಮೂರು. ನಲವತ್ತರ ಸರಾಸರಿ: ತುಂಬಿದ್ದು ಹನ್ನೊಂದು, ಖಾಲಿ ಐವತ್ತೆರಡು. ಆಮೇಲೆ ಹಿಂದಿನ ಬೇಸಿಗೆಗಳ ವಹಿ ತೆಗೆದೆ. ಮೂರು ವರ್ಷದಿಂದ ಷರಾ ಬರೆಯುವ ಜಾಗದಲ್ಲಿ ನನ್ನದೇ ಅಕ್ಷರ: ‘ಖಾಲಿ ಚಿಪ್ಪು ಬಹಳ. ಎಣಿಸಿಲ್ಲ.’

ಅಷ್ಟು ಹೊತ್ತು ಅವರ ಮೇಲಿದ್ದ ಸಿಟ್ಟೆಲ್ಲ ನನ್ನ ಮೇಲೇ ತಿರುಗಿತು. ಕಂಡಿದ್ದೆ, ಬರೆದಿದ್ದೆ, ಬರೆದಾಯಿತಲ್ಲ ಎಂದು ಕೈ ತೊಳೆದುಕೊಂಡಿದ್ದೆ.

ಶುಕ್ರವಾರ ಪ್ಲೇಟ್‌ಲೆಟ್ ಇಳಿದು ಮಗುವನ್ನು ಆಸ್ಪತ್ರೆಗೆ ಸೇರಿಸಿದರು. ಶನಿವಾರ ಮಧ್ಯಾಹ್ನ ಎಲ್ಲವನ್ನೂ ಮುಖ್ಯಸ್ಥರ ಮೇಜಿನ ಮೇಲಿಟ್ಟೆ. ಅವರು ಕನ್ನಡಕ ಏರಿಸಿ, ಇಳಿಸಿ, ಮತ್ತೆ ಏರಿಸಿ ಓದಿದರು.

“ಈ ಷರಾ ಮೂರು ವರ್ಷದಿಂದ ಬರೀತಿದೀಯ. ಬಾಯಿ ಬಿಟ್ಟು ಹೇಳ್ಬಾರ್ದಿತ್ತಾ?”

“ನೀವೂ ಮೂರು ವರ್ಷದಿಂದ ಕೆಳಗೆ ಸಹಿ ಹಾಕಿದೀರಿ ಸಾರ್.”

ಅವರು ವಹಿ ಮುಚ್ಚಿಟ್ಟರು. ಫೋನ್ ಎತ್ತಿ, ಸೋಮವಾರ ತಂಡ ಎಂದಿನಂತೆ ಆ ಬಡಾವಣೆಗೆ ಹೋಗಲಿ, ತಮ್ಮ ಪತ್ರ ವಾಪಸ್ ಎಂದರು. ನಿಯಮ ಮಾತ್ರ ಬದಲಾಗಿಲ್ಲ. ಅದಕ್ಕೆ ಸಮಿತಿ ಸೇರಬೇಕಂತೆ. ಸದ್ಯಕ್ಕೆ ಐದು ದಿನಕ್ಕೊಮ್ಮೆ ಕಾಗದ ತರುತ್ತೇನೆ, ಚಿಪ್ಪನ್ನೂ ಎಣಿಸುತ್ತೇನೆ, ಎರಡು ಬಗೆಯ ಲೆಕ್ಕವನ್ನೂ ಬೇರೆಬೇರೆ ಬರೆಯುತ್ತೇನೆ.

ಆಸ್ಪತ್ರೆಗೆ ಸೇರಿದ ಆರನೆಯ ದಿನ ಹುಡುಗಿ ಮನೆಗೆ ಬಂದಳು. ಅವಳಿಗೆ ಗಂಜಿ ಕುಡಿಸುತ್ತ ಅಕ್ಕ ನನ್ನ ಕಡೆ ನೋಡದೆ ಕೇಳಿದಳು: “ನಿಜ ಹೇಳೇ. ಇವಳನ್ನ ಕಚ್ಚಿದ್ದು ನಾನು ನೀರು ತುಂಬಿಸಿದ ಲೋಟದ್ದೇನಾ?”

ಗೊತ್ತಿಲ್ಲ ಎಂದೆ. ಸಮಾಧಾನಕ್ಕೆ ಹೇಳಿದ್ದಲ್ಲ. ಆ ಏಳರಲ್ಲೊಂದು ಕಚ್ಚಿದ್ದೆಂದರೆ ದಿನಗಳ ಲೆಕ್ಕ ಕೂಡುವುದಿಲ್ಲ; ಹಾರಿದ ಸೊಳ್ಳೆ ಮೊದಲು ಯಾರೋ ರೋಗಿಯನ್ನು ಕಚ್ಚಿ, ವೈರಸ್ ಅದರೊಳಗೆ ಬಲಿತು, ಆಮೇಲೆ ಅದು ಕಚ್ಚಿದವರಿಗೆ ಜ್ವರ ಬರಲು ಎರಡು ವಾರವಾದರೂ ಬೇಕು. ಅದಕ್ಕೆ ಹಿಂದಿನ ಸರದಿಯಲ್ಲಿ ಹಾರಿದ್ದಾದರೆ ಕೂಡಬಹುದು. ಬೀದಿಯ ಯಾವುದೋ ಡ್ರಮ್ಮಿನದೂ ಆಗಿರಬಹುದು. ಮೂರು ಬೇಸಿಗೆಗಳಲ್ಲಿ ತೇಲುವ ಪೊರೆಗಳನ್ನು ನೋಡದೆಯೇ ನಾನು ನೀರನ್ನು ಚರಂಡಿಗೆ ಚೆಲ್ಲಿದ್ದೇನೆ. ಆ ನಲವತ್ತು ಲೋಟಗಳಿಂದ ಎಷ್ಟು ಹಾರಿದವೋ ನನಗೂ ಗೊತ್ತಿಲ್ಲ, ಬೇರೆ ಯಾರಿಗೂ ಗೊತ್ತಾಗುವಂತಿಲ್ಲ.