ಕೊನೆಯ ಬಿಲ್ಲೆ

ಕುಂಬ್ರದ ಮೋಹಿನಿಯಕ್ಕ ಹಿತ್ತಲಿನ ಬಸಳೆಯನ್ನು ಹೇಗೆ ಬೇಲಿಯಾಚೆ ಕೊಡುತ್ತಾರೋ, ಡಾಕ್ಟರು ಬರೆದ ಮಾತ್ರೆಯನ್ನೂ ಹಾಗೆಯೇ ಕೊಡುತ್ತಾರೆ. ತನ್ನ ಜ್ವರ ಬಿಟ್ಟ ಕೂಡಲೇ ಉಳಿದದ್ದು ಊರಿನ ಪಾಲು. ನೆರೆಮನೆಗೆ ಕೆಮ್ಮು, ತೋಟದ ಕೆಲಸದ ಡೊಂಬಯ್ಯನಿಗೆ ಕಾಲು ಬಾವು, ಯಾರನ್ನೂ ಬರಿಗೈಯಲ್ಲಿ ಕಳಿಸಿದವರಲ್ಲ. ಇಂಥ ಧಾರಾಳಿಗೆ ಬುದ್ಧಿ ಹೇಳುವವರು ಯಾರು?

ಮಗಳು ಸುಪ್ರಿತಾ ಪುತ್ತೂರಿನ ಒಂದು ಲ್ಯಾಬಿನಲ್ಲಿ ರೋಗಾಣು ಬೆಳೆಸಿ ನೋಡುವವಳು. ಅಮ್ಮನ ಮೂತ್ರದ ಸೋಂಕು ಮತ್ತೆ ಮತ್ತೆ ಮರುಕಳಿಸಿದಾಗ ತಾನೇ ಪರೀಕ್ಷೆ ಮಾಡಿದಳು. ರೋಗಾಣು ಹರಡಿದ ತಟ್ಟೆಯಲ್ಲಿ ಒಂದೊಂದು ಔಷಧ ಹಚ್ಚಿದ ಕಾಗದದ ಬಿಲ್ಲೆಗಳು. ಔಷಧ ನಾಟಿದರೆ ಬಿಲ್ಲೆಯ ಸುತ್ತ ಖಾಲಿ ಜಾಗ ಕಾಣಬೇಕು. ಒಂದೇ ಒಂದರ ಸುತ್ತ ಕಂಡಿತು. ಡಾಕ್ಟರು ಅದನ್ನೇ ಬರೆದರು.

ಮಾತ್ರೆ ತಂದು ಸುಪ್ರಿತಾ ಅಮ್ಮನ ಮಂಚದಲ್ಲಿ ಕೂತಳು.

“ಅಮ್ಮಾ, ಈ ರೋಗಾಣುವಿನಲ್ಲಿ ಒಂದು ಕಿಣ್ವ ಉಂಟು. ಹಿಂದೆ ಅದರ ಕೆಲಸ ರೋಗಾಣುವಿನ ಗೋಡೆ ಕಟ್ಟುದು. ಔಷಧ ಅದರ ಬಾಯಿಗೆ ಅಂಟಿ ಕೆಲಸ ನಿಲ್ಲಿಸ್ತಿತ್ತು. ರೋಗಾಣು ಒಂದು ಎರಡಾಗುವಾಗ ಎಲ್ಲೋ ಸಣ್ಣ ತಪ್ಪಾಗಿ, ಆ ಕಿಣ್ವಕ್ಕೆ ಅಂಟಿದ ಔಷಧವನ್ನೇ ಕತ್ತರಿಸಿ ಉಗುಳ್ಲಿಕ್ಕೆ ಬಂತು. ಹೊಸ ಔಷಧ ಬಂದಾಗ ಇನ್ನೊಂದು ತಪ್ಪು, ಬಾಯಿ ಇನ್ನೂ ಅಗಲ ಆಯ್ತು. ಅರ್ಧ ತಿಂದು ಬಿಟ್ಟರೆ ಅಂಥದ್ದೇ ಉಳಿದು ಬೆಳೆಯುದು. ಇದನ್ನು ಪೂರ್ತಿ ಮುಗಿಸು. ಇದು ಬಿಟ್ಟರೆ ಬೇರೆ ಇಲ್ಲ.”

“ಆಯ್ತು ಮಗಾ. ಊರಿನವರಿಗೆ ಕೊಡುದಿಲ್ಲ,” ಎಂದರು ಮೋಹಿನಿಯಕ್ಕ.

ಜ್ವರ ಇಳಿಯಿತು, ಸುಪ್ರಿತಾಳಿಗೂ ಹೋದ ಜೀವ ಬಂದಂತಾಯಿತು. ಸ್ವಲ್ಪ ದಿನಕ್ಕೆ ಅದೇ ಜ್ವರ ನಡುಕ ಹೊತ್ತುಕೊಂಡು ಬಂತು. ಆಸ್ಪತ್ರೆಗೆ ಸೇರಿಸಿದರು. ಈಗ ರೋಗಾಣು ರಕ್ತಕ್ಕೇ ಇಳಿದಿತ್ತು. ಲ್ಯಾಬಿನಲ್ಲಿ ಸುಪ್ರಿತಾ ಹೊಸ ತಟ್ಟೆಯ ಮುಚ್ಚಳ ತೆಗೆದು ನೋಡಿದಳು. ಆ ಕೊನೆಯ ಬಿಲ್ಲೆಯ ಅಂಚಿನವರೆಗೂ ರೋಗಾಣು ಬೆಳೆದಿತ್ತು. ಚುಚ್ಚಿ ಕೊಡುವ ಔಷಧಗಳ ಬಿಲ್ಲೆಗಳ ಕತೆಯೂ ಅಷ್ಟೇ.

ಆಸ್ಪತ್ರೆಗೆ ಬಂದು ಮೆಲ್ಲಗೆ ಕೇಳಿದಳು, “ಮಾತ್ರೆ ಯಾರಿಗೆ ಕೊಟ್ಟೆ ಅಮ್ಮಾ?”

“ಊರಿನವರಿಗೆ ಒಂದೂ ಕೊಡ್ಲಿಲ್ಲ. ನಿನಗೆ ಮಾತು ಕೊಟ್ಟಿದ್ದೆ ಅಲ್ವಾ? ನನಗೆ ಜ್ವರ ಬಿಟ್ಟಿತ್ತು. ನೀನು ಡ್ಯೂಟಿಯಲ್ಲಿದ್ದೆ, ನಿನ್ನ ಮಗಳು ಸಾಕ್ಷಿ ಗಂಟಲು ನೋವು ಅಂತ ಅಳ್ತಿದ್ದಳು. ಉಳಿದದ್ದು ಮಗುವಿಗೆ ಕೊಟ್ಟೆ. ಗುಣ ಆಯ್ತಲ್ಲ.”

ಸುಪ್ರಿತಾಳಿಗೆ ಸಿಟ್ಟೂ ಬರಲಿಲ್ಲ. ಬಂದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಹೆದರಿಕೆ ಮಾತ್ರ ಇತ್ತು.

ಮೋಹಿನಿಯಕ್ಕ ಮಗಳ ಮುಖ ನೋಡಿ, ಸುಡುವ ಕೈಯಿಂದ ಅವಳ ಕೈ ಹಿಡಿದರು.

“ಬೇಜಾರು ಮಾಡ್ಬೇಡ ಮಗಾ. ನನಗೆ ಬೇರೆ ಎಂತಾದ್ರೂ ಮಾತ್ರೆ ತಾ. ಈ ಸಲ ಪೂರ್ತಿ ನಾನೇ ತಿಂತೇನೆ.”