ನಲವತ್ತೆರಡು ಜನಕ್ಕೆ ಒಬ್ಬ

ಆ ಭಾನುವಾರ ಬೆಳಗಾಗುವ ಹೊತ್ತಿಗೆ ನಾಗಭೂಷಣ ಮನೆ ಬಿಟ್ಟು ಮೂರು ದಿನವಾಗಿತ್ತು. ಗುರುವಾರ ಡ್ಯೂಟಿಗೆ ಬಂದವನನ್ನು ಬಿಡಿಸಲು ಯಾರೂ ಬಂದಿರಲಿಲ್ಲ. ಕುರ್ಚಿಯಲ್ಲಿ ಕೂತಲ್ಲೇ ಆಗಾಗ ಕಣ್ಣು ಮುಚ್ಚಿದ್ದಷ್ಟೇ ನಿದ್ದೆ.

ಅವನು ಕೆಲಸ ಮಾಡುತ್ತಿದ್ದದ್ದು ಚಿಕ್ಕಬಾಣಾವರದ ಕುಡಿತ ಬಿಡಿಸುವ ಕೇಂದ್ರವೊಂದರಲ್ಲಿ. ಪಿಜಿಗೆಂದು ಕಟ್ಟಿಸಿದ್ದ ಮೂರಂತಸ್ತಿನ ಮನೆ ಅದು. ಆಮೇಲೆ ಕಿಟಕಿಗಳಿಗೆ ಜಾಲರಿ, ಬಾಗಿಲುಗಳಿಗೆ ಹೊರಗಿನಿಂದ ಚಿಲಕ ಹಾಕಿಸಿದ್ದರು. ಮಾಲೀಕ ಅಶ್ವತ್ಥ್ ಊರಿನ ಹಳೇ ಜಮೀನುದಾರರ ಮನೆಯವನು. ಮೊದಲು ಐದು ಜನ ಕೆಲಸಕ್ಕಿದ್ದರು. ಒಬ್ಬೊಬ್ಬರೇ ಬಿಟ್ಟುಹೋಗಿ ಕೊನೆಗೆ ನಾಗಭೂಷಣನಿಗೆ ಪಾಳಿ ಬದಲಿಸಲು ರಹಮತುಲ್ಲಾ ಒಬ್ಬ ಉಳಿದಿದ್ದ. ಆ ಬುಧವಾರ ಒಬ್ಬ ರೋಗಿ ಬಾಗಿಲು ಬಡಿದ ರಭಸಕ್ಕೆ ಅವನ ಎರಡು ಬೆರಳು ಜಜ್ಜಿಹೋದ ಮೇಲೆ ಅವನೂ ಈ ಕಡೆ ತಲೆ ಹಾಕಲಿಲ್ಲ. ಈಗ ಒಳಗಿದ್ದ ನಲವತ್ತೆರಡು ಗಂಡಸರಿಗೆ ನಾಗಭೂಷಣ ಒಬ್ಬ, ಅಡುಗೆಗೆ ರತ್ನಕ್ಕ ಒಬ್ಬಳು.

"ಇನ್ನೊಬ್ಬನ್ನ ಹಾಕಿ ಸಾರ್. ಶಿಫ್ಟಿಗೆ ಒಬ್ನ ಕೈಲಿ ಆಗ್ತಿಲ್ಲ," ಎಂದು ಅವನು ಹೋದ ತಿಂಗಳು ಕೇಳಿದ್ದ.

"ನೋಡ್ತಾ ಇದೀನಿ ಗುರು. ಹನ್ನೆರಡು ಸಾವಿರಕ್ಕೆ ಈಗ ಯಾರ್ ಬರ್ತಾರೆ ಹೇಳು?" ಎಂದಿದ್ದ ಅಶ್ವತ್ಥ್. ಎದುರಿಗೆ ನಿಂತವನು ಆ ಹನ್ನೆರಡು ಸಾವಿರಕ್ಕೇ ಬರುತ್ತಿದ್ದಾನೆ ಎಂಬುದು ಅವನ ತಲೆಗೆ ಹೊಳೆದಂತಿರಲಿಲ್ಲ.

ನಾಗಭೂಷಣ ಒರಟನಲ್ಲ. ಯಶವಂತಪುರದ ನರ್ಸಿಂಗ್ ಹೋಮೊಂದರಲ್ಲಿ ಆರು ವರ್ಷ ವಾರ್ಡ್ ಬಾಯ್ ಆಗಿದ್ದವನು. ಇಲ್ಲಿಗೆ ಬಂದ ಹೊಸದರಲ್ಲಿ ಕೈ ನಡುಗುವವರಿಗೆ ತಾನೇ ಲೋಟ ಹಿಡಿದು ನೀರು ಕುಡಿಸುತ್ತಿದ್ದ, ಗಡ್ಡ ಹೆರೆಯುತ್ತಿದ್ದ. ಕುಡಿತ ನಿಂತ ಎರಡು ಮೂರನೇ ದಿನ ಇಲ್ಲದ್ದೆಲ್ಲ ಕಣ್ಣಿಗೆ ಕಾಣುತ್ತದೆ, ಬೆದರಿದವರ ಹತ್ತಿರ ಮೆಲ್ಲಗೆ ಮಾತಾಡಬೇಕು ಎಂದು ಅವನಿಗೆ ಗೊತ್ತಿತ್ತು. ಆದರೆ ಮೆಲ್ಲಗೆ ಮಾತಾಡಲು ಹೊತ್ತು ಬೇಕು. ಒಬ್ಬನ ಹತ್ತಿರ ಕೂತರೆ ಮೇಲಿನ ಮಹಡಿಯಲ್ಲಿ ಇಬ್ಬರು ಒಬ್ಬರ ಕುತ್ತಿಗೆ ಒಬ್ಬರು ಹಿಡಿದುಕೊಂಡಿರುತ್ತಿದ್ದರು. ಒಬ್ಬ ಅವನ ತೋಳು ಕಚ್ಚಿ ಮಾಂಸ ಕಿತ್ತಿದ್ದ. ಇನ್ನೊಬ್ಬ ಮುಖಕ್ಕೆ ಉಚ್ಚೆ ಎರಚಿದ್ದ. ಅಶ್ವತ್ಥ್ ತಂದುಕೊಟ್ಟಿದ್ದ ನೀರಿನ ಪೈಪಿನ ತುಂಡನ್ನು ಅವನು ಮೊದಲು ಬೀರುವಿನ ಹಿಂದೆ ಬಿಸಾಕಿದ್ದ. ಆಮೇಲೆ ಅದರಿಂದ ನೆಲಕ್ಕೆ ಬಡಿದು ಹೆದರಿಸತೊಡಗಿದ. ಆಮೇಲೆ ಕಾಲಿಗೆ. ಹೊಡೆದರೆ ಐದು ನಿಮಿಷದಲ್ಲಿ ಎಲ್ಲ ಗಪ್‌ಚಿಪ್. ಮಾತಿನಿಂದ ಆಗದ ಕೆಲಸ ಅದರಿಂದ ಆಗುತ್ತಿತ್ತು.

ಗಿರಿ ಶುಕ್ರವಾರ ಬಂದವನು. ಯಲಹಂಕ ಕಡೆಯ ವೆಲ್ಡರ್, ಮೂವತ್ತೆಂಟು ವಯಸ್ಸು. ಅವನ ತಾಯಿ ಮುನಿಕೃಷ್ಣಮ್ಮ ತಾನೇ ಕರೆತಂದು ಬಿಟ್ಟುಹೋಗಿದ್ದಳು. ನಡುಕ, ಭ್ರಮೆ ತಡೆಯಲು ಹೊಸಬರಿಗೆ ಕೊಡುವ ಮಾತ್ರೆ ಆ ದಿನವೇ ಮುಗಿದಿತ್ತು. ನಾಗಭೂಷಣ ಮೂರು ಸಲ ಫೋನ್ ಮಾಡಿದ್ದ. "ಸೋಮವಾರ ತರಿಸ್ತೀನಿ, ಅಲ್ಲೀತಂಕ ಮ್ಯಾನೇಜ್ ಮಾಡು," ಎಂದು ಅಶ್ವತ್ಥ್ ಇಟ್ಟುಬಿಟ್ಟಿದ್ದ.

ಭಾನುವಾರ ಒಂಬತ್ತು ಗಂಟೆಗೆ ಕೆಳಗಿನ ಹಾಲಿನಲ್ಲಿ ಇಡ್ಲಿಗೆ ಸಾಲು ನಿಂತಿತ್ತು. ರತ್ನಕ್ಕ ನೆಲದಲ್ಲಿ ಕೂತು ಸಾಂಬಾರು ಬಡಿಸುತ್ತಿದ್ದಳು. ಗಿರಿ ತಟ್ಟೆ ನೋಡಿ ಕಿರುಚಿದ.

"ಹುಳ! ಹುಳ ಹಾಕವ್ಳೆ! ನನ್ನ ಸಾಯಿಸಾಕೆ ಹುಳ ಹಾಕವ್ಳೆ!"

ಹಾಗೆಂದವನೇ ಹೊಗೆಯಾಡುತ್ತಿದ್ದ ಸಾಂಬಾರಿನ ಪಾತ್ರೆಯನ್ನು ಒದ್ದ. ರತ್ನಕ್ಕನ ಬಲಗೈ ಭುಜದಿಂದ ಮೊಣಕೈವರೆಗೆ ಬೆಂದುಹೋಯಿತು. ಅವಳ ಕೂಗಿಗೆ ನಾಗಭೂಷಣ ಮೆಟ್ಟಿಲು ಹಾರಿ ಬಂದ. ಕೈಯಲ್ಲಿ ಪೈಪಿತ್ತು.

ಮೊದಲ ಏಟು ಮೊಣಕಾಲಿಗೆ ಬಿತ್ತು. ಗಿರಿ ಕುಸಿದ. ಅಲ್ಲಿಗೆ ಅವನು ನಿಲ್ಲಿಸಬಹುದಿತ್ತು. ಎರಡನೆಯದು ಬೆನ್ನಿಗೆ, ಮೂರನೆಯದು ತಲೆಗೆ ಅಡ್ಡ ಹಿಡಿದ ಕೈಗೆ. ಮೂಳೆ ಮುರಿದ ಸದ್ದು ನಾಗಭೂಷಣನಿಗೆ ಕೇಳಿಸಿತು. ಕೇಳಿಸಿಯೂ ಹೊಡೆದ. ಕಚ್ಚಿದವನಿಗೆ, ಎರಚಿದವನಿಗೆ, ಫೋನ್ ಇಟ್ಟವನಿಗೆ, ಎಲ್ಲರಿಗೂ ಸೇರಿಸಿ ಹೊಡೆದ. ಪೈಪು ಸೀಳಿಹೋದಾಗ ಬಿಸಾಡಿ ಕಾಲಿನಿಂದ ಒದ್ದ. ಗಿರಿಯ ಎಡಗಿವಿಯಿಂದ ರಕ್ತ ಇಳಿದು ಇಡ್ಲಿಯ ಚೂರುಗಳ ಮೇಲೆ ಹರಡಿತು.

"ಸಾಕು ಕಣೋ! ಸತ್ತೋಗ್ತಾನೆ ಕಣೋ ಪಾಪಿ!" ರತ್ನಕ್ಕ ಬೆಂದ ಕೈಯಲ್ಲೇ ಅವನ ಸೊಂಟ ಹಿಡಿದಳು. ಅವನು ಅವಳನ್ನೂ ಗೋಡೆಗೆ ತಳ್ಳಿದ. ಅವಳು ಮತ್ತೆ ಎದ್ದು ಬಂದು, ನೀರಿನ ಕೊಡವನ್ನೆತ್ತಿ ಅವನ ಮುಖಕ್ಕೆ ಸುರಿದಳು.

ಆಗ ಅವನು ನಿಂತ. ಸುತ್ತ ನೋಡಿದ. ಉಳಿದ ನಲವತ್ತೊಂದು ಜನ ಗೋಡೆಗೆ ಮುಖ ಮಾಡಿ, ತಲೆ ಮೇಲೆ ಕೈಯಿಟ್ಟು ಕುಕ್ಕರಗಾಲಲ್ಲಿ ಕೂತಿದ್ದರು. ಹಾಗೆ ಕೂರಿ ಎಂದು ಯಾರೂ ಹೇಳಿರಲಿಲ್ಲ.

ಗಿರಿಗೆ ಉಸಿರಿತ್ತು. ನಾಗಭೂಷಣ ಅವನನ್ನು ಪಕ್ಕಕ್ಕೆ ಹೊರಳಿಸಿ ಬಾಯೊಳಗಿನ ರಕ್ತ ಬಳಿದು ತೆಗೆದ, ಮುರಿದ ಕೈಗೆ ರಟ್ಟು ಕಟ್ಟಿದ. ವಾರ್ಡಿನ ಹಳೇ ಅಭ್ಯಾಸಕ್ಕೆ ಕೈಗಳು ತಾವಾಗಿಯೇ ಸರಿಯಾಗಿ ಕೆಲಸ ಮಾಡಿದವು. ಈಗಷ್ಟೇ ಹೊಡೆದ ಕೈಗಳೂ ಅವೇ. ನಲ್ಲಿಯ ಕೆಳಗೆ ಅವನ್ನು ತಿಕ್ಕಿ ತೊಳೆದುಕೊಂಡ. ಆಮೇಲೆ ಅಶ್ವತ್ಥ್‌ಗೆ ಫೋನ್ ಮಾಡಿದ.

"ಬಾತ್‌ರೂಮಲ್ಲಿ ಜಾರಿ ಬಿದ್ದ ಅಂತ ಬುಕ್ಕಲ್ಲಿ ಬರಿ. ಅವರಮ್ಮ ಇವತ್ತು ನೋಡಕ್ಕೆ ಬಂದ್ರೆ ಇಂಜೆಕ್ಷನ್ ಕೊಟ್ಟಿದೀವಿ, ಮಲಗಿದಾನೆ ಅಂತ ಕಳ್ಸು. ನಾನು ಬರ್ತಾ ಇದೀನಿ. ಆಸ್ಪತ್ರೆ ಗೀಸ್ಪತ್ರೆ ಅಂದ್ಯೋ, ಜೈಲಿಗೆ ಹೋಗೋನು ನೀನೇ ಮಗಾ, ನಾನಲ್ಲ."

ಫೋನ್ ಇಡುವಷ್ಟರಲ್ಲಿ ಗೇಟು ಬಡಿದ ಸದ್ದಾಯಿತು. ಅವನು ಹೋಗಿ ಬೀಗ ತೆಗೆದ. ಮುನಿಕೃಷ್ಣಮ್ಮ ಸ್ಟೀಲಿನ ಕ್ಯಾರಿಯರ್ ಹಿಡಿದು ನಿಂತಿದ್ದಳು.

"ಎಂಗವ್ನಣ್ಣ ನಮ್ ಗಿರಿ? ಒಸಿ ಸುಮ್ಕಾದ್ನಾ? ಅವರೆಕಾಳ್ ಸಾರು ತಂದಿವ್ನಿ, ಅವನ್ಗೆ ಇಷ್ಟ."

ಹೇಳಬೇಕಾದ ಸುಳ್ಳು ಬಾಯಿಗೆ ಬಂದಿತ್ತು. ಆದರೆ ಅವಳು ಅವನನ್ನು ಅಣ್ಣ ಎಂದು ಕರೆದಿದ್ದಳು, ಅವನ ಒದ್ದೆ ಅಂಗಿ ನೋಡಿ "ಜ್ವರ ಬಂದಾತು, ಬಟ್ಟೆ ಬದಲಾಯಿಸ್ಕೊಳಣ್ಣ" ಎಂದಿದ್ದಳು.

"ಅಮ್ಮಾ, ನಿಮ್ ಮಗನ್ನ ನಾನೇ ಹೊಡ್ದುಬಿಟ್ಟೆ," ಎಂದ ನಾಗಭೂಷಣ. "ಜೋರಾಗಿ ಏಟು ಬಿದ್ದಿದೆ. ಆಸ್ಪತ್ರೆಗೆ ಕರ್ಕೊಂಡ್ ಹೋಗ್ಬೇಕು. ಆಟೋ ನಿಲ್ಸಿ."

ಅವಳು ಒಂದು ಕ್ಷಣ ಅವನ ಮುಖ ನೋಡಿದಳು. ನಂತರ ಕ್ಯಾರಿಯರನ್ನು ಬೀಸಿ ಅವನ ದವಡೆಗೆ ಬಾರಿಸಿದಳು. ಸಾರು ಅಂಗಿಯ ಮೇಲೆಲ್ಲ ಚೆಲ್ಲಿತು. ಮತ್ತೊಮ್ಮೆ ಬಾರಿಸಿದಳು. ಹುಬ್ಬು ಸೀಳಿತು. ಅವನು ಕೈ ಅಡ್ಡ ತರಲಿಲ್ಲ. ಗೇಟನ್ನು ಅಗಲಕ್ಕೆ ತೆರೆದಿಟ್ಟು, ಒಳಗೆ ಹೋಗಿ ಗಿರಿಯನ್ನು ತೋಳಲ್ಲಿ ಎತ್ತಿಕೊಂಡು ಬಂದ. ಮಗನನ್ನು ನೋಡಿದವಳು ಅಳಲಿಲ್ಲ. ರಸ್ತೆಗೆ ಓಡಿ ಆಟೋದ ಮುಂದೆಯೇ ನಿಂತುಬಿಟ್ಟಳು.

ಗಿರಿಯನ್ನು ಆಟೋದಲ್ಲಿ ಮಲಗಿಸುವಷ್ಟರಲ್ಲಿ ಅಶ್ವತ್ಥನ ಕಾರು ಬಂದು ಅಡ್ಡ ನಿಂತಿತು. ಅವನು ಇಳಿದಾಗ ಕೈಯಲ್ಲಿ ಚಕ್ರ ಬಿಚ್ಚುವ ಸ್ಪ್ಯಾನರ್ ಇತ್ತು.

"ಒಳಗೆ ಹಾಕೋ ಅವನ್ನ!"

"ಸಾಯ್ತಾನೆ ಸಾರ್. ದಾರಿ ಬಿಡಿ."

ಸ್ಪ್ಯಾನರ್ ನಾಗಭೂಷಣನ ಪಕ್ಕೆಗೆ ಬಿತ್ತು, ಆಮೇಲೆ ಬಾಯಿಗೆ. ಎರಡು ಹಲ್ಲು ಉದುರಿದವು. ಅವನು ಬಗ್ಗಿ ಅಶ್ವತ್ಥನ ಎರಡೂ ಕಾಲುಗಳನ್ನು ತಬ್ಬಿ ಹಿಡಿದ. ತಲೆ ಮೇಲೆ, ಕುತ್ತಿಗೆ ಮೇಲೆ ಏಟು ಬೀಳುತ್ತಿದ್ದರೂ ಬಿಡಲಿಲ್ಲ. ಅಷ್ಟರಲ್ಲಿ ಗಾಜು ಒಡೆದ ಸದ್ದು ಕೇಳಿಸಿತು. ಮುನಿಕೃಷ್ಣಮ್ಮ ರಸ್ತೆ ಬದಿಯ ದಪ್ಪ ಕಲ್ಲು ಎತ್ತಿ ಕಾರಿನ ಮುಂದಿನ ಗಾಜಿಗೆ ಹಾಕಿದ್ದಳು. ಇನ್ನೊಂದು ಕಲ್ಲು ಕೈಯಲ್ಲಿತ್ತು.

"ದಾರಿ ಬಿಡ್ತೀಯೋ, ಇದನ್ನ ನಿನ್ ತಲೆ ಮ್ಯಾಲೆ ಆಕ್ಲೋ?"

ಅವಳು ಹಾಕುತ್ತಾಳೆ ಎಂಬುದರಲ್ಲಿ ಅಶ್ವತ್ಥನಿಗೆ ಅನುಮಾನ ಉಳಿಯಲಿಲ್ಲ. ಸುತ್ತ ಜನರೂ ಸೇರಿದ್ದರು. ಅವನು ಕಾರು ಹಿಂದೆ ತೆಗೆದ.

ಆಸ್ಪತ್ರೆಯಲ್ಲಿ ಡಾಕ್ಟರು "ಹೇಗಾಯ್ತು?" ಎಂದು ಕೇಳಿದಾಗ ನಾಗಭೂಷಣ ರಕ್ತ ಉಗುಳಿ, "ನಾನ್ ಹೊಡೆದಿದ್ದು, ಹಂಗೇ ಬರ್ಕೊಳ್ಳಿ," ಎಂದ. ಸಂಜೆಗೆ ಪೊಲೀಸರು ಬಂದು ಕರೆದೊಯ್ದರು.

ಲಾಕಪ್ಪಿನ ನೆಲದಲ್ಲಿ ಒರಗಿದವನು ಮಾರನೆಯ ದಿನ ಮಧ್ಯಾಹ್ನದವರೆಗೆ ಏಳಲಿಲ್ಲ. ಬದುಕಿದ್ದಾನೋ ಇಲ್ಲವೋ ನೋಡಲು ಪೇದೆಯೊಬ್ಬ ಬೂಟಿನಿಂದ ತಿವಿದ. ಎದ್ದು ಕೂತ ನಾಗಭೂಷಣ ಮೊದಲು ಕೇಳಿದ್ದು, "ಅಲ್ಲಿ ಈಗ ಯಾರಿದಾರೆ?" ಎಂದು.

ಯಾರೂ ಇರಲಿಲ್ಲ. ಒಳಗಿದ್ದವರನ್ನು ಅವರವರ ಮನೆಯವರಿಗೆ ಒಪ್ಪಿಸಿ ಕೇಂದ್ರಕ್ಕೆ ಬೀಗಮುದ್ರೆ ಹಾಕಿದ್ದರು. ನಾಲ್ಕನೆಯ ದಿನ ಕೈಗೆ ಬ್ಯಾಂಡೇಜು ಸುತ್ತಿಕೊಂಡು ರತ್ನಕ್ಕ ಜೈಲಿಗೆ ಬಂದು ಸುದ್ದಿ ಹೇಳಿದಳು. ಗಿರಿ ಉಳಿದ, ಆದರೆ ಎಡಗಿವಿ ಇನ್ನು ಕೇಳುವುದಿಲ್ಲ. ಮಾತ್ರೆ ತರಿಸದೆ ಇದ್ದದ್ದು, ಪೈಪು ಕೊಟ್ಟದ್ದು ಎಲ್ಲವನ್ನೂ ಅವಳು ಸ್ಟೇಷನ್ನಿನಲ್ಲಿ ಬರೆಸಿದ್ದಳು. ಅಶ್ವತ್ಥನ ಮೇಲೂ ಕೇಸಾಗಿತ್ತು.

"ನಿನ್ನ ಉಳಿಸೋಕೆ ಹೇಳಿಲ್ಲ," ಎಂದಳು ಅವಳು. "ನೀನ್ ಮಾಡಿದ್ದನ್ನ ನಾನು ಕಣ್ಣಾರೆ ಕಂಡಿದೀನಿ. ಆದ್ರೆ ನೀನೊಬ್ನೇ ಮಾಡಿದ್ದಲ್ಲ ಅದು."

"ನಿಂಗೆ ನೋಯ್ತಿದ್ಯಾ ಅಕ್ಕಾ, ಕೈ?"

"ನೋಯ್ದೆ ಇರುತ್ತೇನೋ?" ಎಂದು ಅವಳು ಎದ್ದುಹೋದಳು.

ಜಾಮೀನಿನ ಮೇಲೆ ಹೊರಗೆ ಬಂದ ನಾಗಭೂಷಣ ಈಗ ಯಶವಂತಪುರದ ಮಾರುಕಟ್ಟೆಯಲ್ಲಿ ಈರುಳ್ಳಿ ಮೂಟೆ ಹೊರುತ್ತಾನೆ. ಮಂಡಿಯ ಮಾಲೀಕ ಅವನ ಮೈಕಟ್ಟು ನೋಡಿ, ಕಳ್ಳರನ್ನು ಹೆದರಿಸಲು ದೊಣ್ಣೆ ಹಿಡಿದು ಕಾವಲಿಗೆ ನಿಲ್ಲು, ಅದು ಹಗುರದ ಕೆಲಸ ಎಂದು ಎರಡು ಸಲ ಕರೆದ. ಎರಡು ಸಲವೂ ಅವನು ತಲೆಯಲ್ಲಾಡಿಸಿ, ಲಾರಿಯತ್ತ ನಡೆದು, ಮುಂದಿನ ಮೂಟೆಗೆ ಬೆನ್ನು ಕೊಟ್ಟ.