ಕೆಮ್ಮದ ಮನೆ

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಸುಳ್ಳು ಮಾಡಿಯೇ ತೀರುತ್ತೇನೆಂದು ಹೊರಟ ಗಂಡ ಹಿತ್ತಲನ್ನೇ ಬೋಳಿಸಿಬಿಟ್ಟಿದ್ದ. ಎಲೆ, ತೊಗಟೆ, ಬೇರು ಎಲ್ಲ ದೊಡ್ಡ ಪಾತ್ರೆಯಲ್ಲಿ ಕುದಿದು, ಬತ್ತಿ, ಡಾಂಬರಿನಂಥ ಕೆಮ್ಮಿನ ಮದ್ದಾಯಿತು. ಪ್ರಯೋಗಕ್ಕೆ ಮನೆಮಂದಿ ಇದ್ದೇ ಇದ್ದರು. ಯಾರು ಕೆಮ್ಮಿದರೂ ಮಹಾಶಯ ಚಮಚ ಹಿಡಿದು ಪ್ರತ್ಯಕ್ಷ. ಒಮ್ಮೆ ಕುಡಿದವರಿಗೆ ಸಂಜೆಯವರೆಗೂ ನಾಲಿಗೆ ತಮ್ಮದೆನಿಸುತ್ತಿರಲಿಲ್ಲ. ಮಕ್ಕಳು ಬಚ್ಚಲಿಗೆ ಓಡಿ, ನಲ್ಲಿ ತಿರುಗಿಸಿಕೊಂಡು ಕೆಮ್ಮುವುದನ್ನು ಕಲಿತರು. ವಾರದೊಳಗೆ ಮನೆಯಲ್ಲಿ ಕೆಮ್ಮಿನ ಸದ್ದೇ ಅಡಗಿತು. ಅದನ್ನು ಅವನು ಗುಣ ಎಂದು ಕರೆದ. ಅವನ ಬುದ್ಧಿಯ ಬಗ್ಗೆ ಹೆಂಡತಿಗಿದ್ದ ಅಷ್ಟಿಷ್ಟು ಮರ್ಯಾದೆಯೂ ಅಂದೇ ಹೋಯಿತು.

ಅವಳ ಚಿಂತೆಯೆಲ್ಲ ಅತ್ತೆಯದೇ. ಮುದುಕಿಯದು ನಿಜವಾದ ಕೆಮ್ಮು, ಜ್ವರ ಬೇರೆ. ದಿಂಬಿಗೆ ಬಾಯೊತ್ತಿ ಕೆಮ್ಮಿ, ಎದೆ ಹಿಡಿದು ಕೂರುತ್ತಿದ್ದಳು.

"ಅತ್ತೇನ ಡಾಕ್ಟರಿಗೆ ತೋರಿಸೋಣ ರೀ."

"ಗುಣ ಆದವರನ್ನ ಯಾರಾದ್ರೂ ಡಾಕ್ಟರ ಹತ್ರ ಕರ್ಕೊಂಡು ಹೋಗ್ತಾರಾ? ನಾಳೆ ಔಷಧಿ ಕಂಪನಿಯವರು ಬರ್ತಿದ್ದಾರೆ. ಅವರಿಗೆ ಅಮ್ಮನೇ ಸಾಕ್ಷಿ."

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನ ಜೊತೆ ವಾದವೇನು ಬಂತು.

ಕಂಪನಿಯವನು ಬಂದ. ಮೆಟ್ಟಿಲು ಹತ್ತಿದ ಆಯಾಸಕ್ಕೆ ಒಂದು ಸಲ ಕೆಮ್ಮಿದ, ಪಾಪ, ಗೊತ್ತಿರಲಿಲ್ಲ. ಚಮಚ ಬಾಯೊಳಗೆ ಹೋಯಿತು. ಕಣ್ಣಲ್ಲಿ ನೀರು ತುಂಬಿಕೊಂಡು, "ಹೋಯ್ತು ಸಾರ್, ಪೂರ್ತಿ ಹೋಯ್ತು" ಎಂದು ಎರಡನೇ ಚಮಚಕ್ಕೆ ಕೈ ಅಡ್ಡ ಹಿಡಿದ. ಗಂಡ ಬೀಗಿದ.

"ನಿಮಗೆ ಹೇಗಿದೆ ಅಮ್ಮಾ?" ಎಂದು ಬಂದವನು ಮುದುಕಿಯನ್ನು ಕೇಳಿದ.

ಅತ್ತೆ ಮಗನ ಮುಖ ನೋಡಿದಳು, ಸೊಸೆಯ ಮುಖ ನೋಡಿದಳು. "ಕೆಮ್ಮು ಎಲ್ಲಿಗೂ ಹೋಗಿಲ್ಲಪ್ಪ. ಇವನ ಮುಂದೆ ಬರೋಕೆ ಹೆದರುತ್ತೆ, ಅಷ್ಟೇ."

"ನಮ್ಮಮ್ಮ ತಮಾಷೆ ಮಾಡ್ತಾರೆ" ಎಂದು ನಕ್ಕ ಮಗ ಮತ್ತೆ ಚಮಚ ತುಂಬಿಸಿದ. ಸೊಸೆಗೆ ಮೈಯೆಲ್ಲ ಉರಿದುಹೋಯಿತು. ಚಮಚ ಕಸಿದು ಸಿಂಕಿಗೆ ಎಸೆದು, ಅತ್ತೆಯ ಕೈಹಿಡಿದು ಎಬ್ಬಿಸಿದಳು. "ಬನ್ನಿ ಅತ್ತೆ, ಆಸ್ಪತ್ರೆಗೆ ಹೋಗೋಣ."

ಬೀದಿಗೆ ಇಳಿದದ್ದೇ ತಡ, ಮುದುಕಿ ದೀಪದ ಕಂಬ ಹಿಡಿದು ನಿಂತು ಮನಸಾರೆ ಕೆಮ್ಮಿದಳು. "ಬಾಯ್ಬಿಟ್ಟು ಕೆಮ್ಮಿ ಎಷ್ಟು ದಿನ ಆಗಿತ್ತು ಕಣೇ" ಎಂದು ಏದುಸಿರು ಬಿಟ್ಟಳು. ಸೊಸೆ ಬೆನ್ನು ನೀವಿದಳು. ಜ್ವರದ ಬಿಸಿ ಅಂಗೈಗೆ ತಾಕಿ ಅವಳಿಗೆ ಅಳು ಬಂತು.

ಮೇಲಿನ ಕಿಟಕಿಯಲ್ಲಿ ಗಂಡ ಕಂಪನಿಯವನಿಗೆ ವಿವರಿಸುತ್ತಿದ್ದ: "ನೋಡಿದ್ರಾ ಸಾರ್, ಒಂದೇ ಒಂದು ಚಮಚ ತಪ್ಪಿದ್ದಕ್ಕೆ ಹೇಗೆ ಶುರುವಾಯ್ತು. ಇನ್ನೇನು ಪುರಾವೆ ಬೇಕು?"